ಸಾವಯವ ಡಬ್ಬದ ಮೇಲೆ ಏನಿದೆ ಅಂತ ಓದಿ

ಮಾವು ಹೂ ಬಿಡೋ ಕಾಲ ಬಂತು. ಮೊದಲೆಲ್ಲ ಈ ಹೊತ್ತಿಗೆ ನಮ್ಮ ಕಡೆ ಬೆಳಗಾದ್ರೆ ಬರೀ ಪಂಪಿನ ಸದ್ದು. ಅಂಗಡಿಯವರು ಕೊಟ್ಟಿದ್ದನ್ನ ಹೊಡೆಯೋದು, ಆಮೇಲೆ ಮರ ನೋಡೋದು. ಈಗ ಮಾತು ಬದಲಾಗಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲಿ ನಾಲ್ಕು ಜನ ರೈತರು ಸೇರಿದ್ರೂ "ವಿಷ ಕಡಿಮೆ ಮಾಡೋಣ" ಅನ್ನೋ ಮಾತು ಬಂದೇ ಬರುತ್ತೆ. ಸಂತೋಷ. ಆದ್ರೆ ರೇಷ್ಮೆ ಸಾಕೋ ಊರಲ್ಲಿ ಸಾವಯವ ಅನ್ನೋ ಪದ ಒಂದೇ ಸಾಲದು.

ನಮ್ಮ ಹಿಪ್ಪುನೇರಳೆ ತೋಟಕ್ಕೂ ಪಕ್ಕದೋರ ಮಾವಿನ ತೋಪಿಗೂ ನಡುವೆ ಒಂದು ಬೇಲಿ ಅಷ್ಟೆ. ಅವರು ಔಷಧಿ ಹೊಡೆಯೋ ಮುಂಚೆ ಹೇಳ್ತಾರೆ, ನಾನು ಬೇಲಿ ಕಡೆ ನಾಲ್ಕು ಸಾಲು ಸೊಪ್ಪು ಕೊಯ್ಯದೆ ಬಿಡ್ತೀನಿ. ಈ ಸಲ ಒಂದು ಡಬ್ಬ ತಂದು, "ಅಣ್ಣಾ, ಈ ವರ್ಷ ನೀವು ಸಾಲು ಬಿಡೋದೇನೂ ಬೇಡ, ಇದು ಪೂರ್ತಿ ಸಾವಯವ" ಅಂದ್ರು. ಓದಿದೆ. ಜಿಗಿಹುಳಕ್ಕೆ ಕೊಡೋ ಬ್ಯುವೇರಿಯಾ ಬ್ಯಾಸಿಯಾನಾ.

ಹುಳ ಸಾಕೋರಿಗೆ ಇದರ ಇನ್ನೊಂದು ಮುಖ ಗೊತ್ತು: ಸುಣ್ಣಕಟ್ಟು ರೋಗ. ಸತ್ತ ಹುಳ ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತಲ್ಲ, ಅದು ಇದೇ ಶಿಲೀಂಧ್ರದ ಕೆಲಸ. 1835ರಲ್ಲಿ ಇಟಲಿಯ ಅಗೊಸ್ಟಿನೊ ಬಾಸಿ ಇದನ್ನ ತೋರಿಸಿಕೊಟ್ಟಿದ್ದೇ ರೇಷ್ಮೆ ಹುಳದಲ್ಲಿ. ಬ್ಯಾಸಿಯಾನಾ ಅನ್ನೋ ಹೆಸರು ಬಂದಿದ್ದು ಅವರಿಂದ. ಚಳಿ, ತೇವ ಇದ್ರೆ ಇದು ಬೇಗ ಹಬ್ಬುತ್ತೆ. ಮಾವಿನ ಹೂವೂ ಚಳಿಯಲ್ಲೇ.

ಬಿಟಿ ಪುಡಿದೂ ಅದೇ ಕತೆ. 1901ರಲ್ಲಿ ಜಪಾನಿನ ಇಶಿವಾಟ ಆ ಬ್ಯಾಕ್ಟೀರಿಯಾ ಕಂಡುಹಿಡಿದಿದ್ದು ಸಾಯ್ತಿದ್ದ ರೇಷ್ಮೆ ಹುಳದಲ್ಲಿ. ಬೇವಿನ ಎಣ್ಣೆ ಬಿದ್ದ ಸೊಪ್ಪು ಕೊಟ್ರೂ ಹುಳ ಸರಿಯಾಗಿ ಮೇಯಲ್ಲ, ಜ್ವರ ಸರಿಯಾಗಿ ಏಳಲ್ಲ. ಇವು ಕೆಟ್ಟ ಔಷಧಿ ಅಂತ ನಾನು ಹೇಳ್ತಿಲ್ಲ. ರೇಷ್ಮೆ ಇಲ್ಲದ ಊರಲ್ಲಿ ಒಳ್ಳೇ ಔಷಧಿಗಳೇ. ನಮ್ಮೂರಲ್ಲಿ ಅನ್ನ ಕೊಡೋದೇ ಒಂದು ಹುಳ.

ಇಷ್ಟು ಹೇಳಿದ್ದಕ್ಕೆ ಅವರ ಮುಖ ಸಪ್ಪಗಾಯ್ತು. "ಹಂಗಾದ್ರೆ ಮತ್ತೆ ವಿಷಾನೇ ಹೊಡೀಲಾ?" ಅಂದ್ರು. ನ್ಯಾಯವಾದ ಪ್ರಶ್ನೆ. ದುಡ್ಡು ಕೊಟ್ಟು ಒಳ್ಳೇದಕ್ಕೆ ಹೊರಟವರನ್ನ ಬರೀ "ಬೇಡ" ಅಂತ ವಾಪಸ್ ಕಳಿಸೋಕಾಗುತ್ತಾ? ಇಬ್ರೂ ಜಗಲಿ ಮೇಲೆ ಕೂತು ಮಾತಾಡಿದ್ವಿ.

ಕೊನೆಗೆ ಒಪ್ಪಿದ್ದು ಇಷ್ಟು. ಡಬ್ಬ ರೇಷ್ಮೆ ಇಲ್ಲದ ಕಡೆ ಇರೋ ಅವರ ಇನ್ನೊಂದು ತೋಪಿಗೆ. ಬೇಲಿ ಕಡೆ ಮರಗಳಲ್ಲಿ ಮೊದಲು ಹೂಗೊಂಚಲು ನೋಡೋದು, ಜಿಗಿಹುಳ ಜಾಸ್ತಿ ಇದ್ರೆ ಮಾತ್ರ ಔಷಧಿ. ಅದೂ ನನ್ನ ಗೂಡು ಮಾರುಕಟ್ಟೆಗೆ ಹೋಗಿ, ಹುಳದ ಮನೆ ಖಾಲಿ ಇರೋ ದಿನ, ಗಾಳಿ ಇಲ್ಲದ ಹೊತ್ತಲ್ಲಿ. ಜಿಗಿಹುಳಕ್ಕೆ ನೆರಳು, ತೇವ ಇಷ್ಟ. ಅದಕ್ಕೆ ಕೊಯ್ಲು ಮುಗಿದ ಮೇಲೆ ಒತ್ತಾಗಿರೋ ಕೊಂಬೆ ತೆಗೆದು ಬಿಸಿಲು ಬಿಡೋದು. ಹಣ್ಣಿನ ನೊಣಕ್ಕೆ ಮೀಥೈಲ್ ಯೂಜಿನಾಲ್ ಬಲೆ ಕಟ್ಟೋದು, ಬಿದ್ದ ಹಣ್ಣು ಆರಿಸಿ ಹೂಳೋದು. ಬಲೆಗೆ ಗಂಡು ನೊಣ ಬಂದು ಬೀಳುತ್ತೆ, ನನ್ನ ಹುಳಕ್ಕೆ ಏನೂ ಆಗಲ್ಲ. ನಾಲ್ಕು ಸಾಲು ಸೊಪ್ಪು ಈ ವರ್ಷವೂ ಬಿಡ್ತೀನಿ. ಅದು ನನ್ನ ಪಾಲು.

ಇದೆಲ್ಲ ಆಗೋ ಮಾತಾ ಅನ್ನೋರಿಗೆ ಪಪ್ಪಾಯಿ ಹಿಟ್ಟು ತಿಗಣೆ ನೆನಪು ಮಾಡ್ತೀನಿ. 2008ರಲ್ಲಿ ಕೊಯಮತ್ತೂರು ಕಡೆ ಕಾಣಿಸಿಕೊಂಡು, ಪಪ್ಪಾಯಿ, ಹಿಪ್ಪುನೇರಳೆ ಎರಡನ್ನೂ ಹಾಳು ಮಾಡ್ತು. ಮೈಮೇಲೆ ಮೇಣ ಇರೋದ್ರಿಂದ ಔಷಧಿ ಸರಿಯಾಗಿ ತಾಗ್ತಿರ್ಲಿಲ್ಲ. 2010ರಲ್ಲಿ ಬೆಂಗಳೂರಿನ ಸಂಸ್ಥೆ, ಈಗ ಅದನ್ನ ಎನ್‌ಬಿಎಐಆರ್ ಅಂತಾರೆ, ಪೋರ್ಟೊರಿಕೊದಿಂದ ಅಸೆರೊಫೇಗಸ್ ಪಪಾಯೆ ಅನ್ನೋ ಸಣ್ಣ ಕಣಜ ತರಿಸಿ ಬಿಡ್ತು. ಅದು ತಿಗಣೆಯೊಳಗೇ ಮೊಟ್ಟೆ ಇಡುತ್ತೆ. ತಿಗಣೆ ಹತೋಟಿಗೆ ಬಂತು, ರೇಷ್ಮೆ ಹುಳಕ್ಕೆ ಏನೂ ಆಗ್ಲಿಲ್ಲ. ಊಜಿ ನೊಣದ ಕೋಶಕ್ಕೆ ನಾವು ಬಿಡೋ ನೆಸೊಲಿಂಕ್ಸ್ ಕಣಜವೂ ಇದೇ ಜಾತಿ ಕೆಲಸ ಮಾಡೋದು.

ಹಂಗಾಗಿ ಮಾವಿನೋರಲ್ಲಿ ಒಂದು ವಿನಂತಿ. ಡಬ್ಬದ ಮೇಲೆ ಎಲೆ ಚಿತ್ರ ಇದೆ ಅಂತ ತಗೋಬೇಡಿ, ಒಳಗಿರೋ ಜೀವಿ ಹೆಸರು ಓದಿ. ರೇಷ್ಮೆಯೋರೂ ಅಷ್ಟೆ, ಹುಳ ಸತ್ತ ಮೇಲೆ ಬೇಲಿ ಹತ್ರ ಹೋಗಿ ಜಗಳ ಆಡೋ ಬದಲು, ಚಾಕಿ ತರೋ ಮುಂಚೆ ಪಕ್ಕದೋರಿಗೆ ದಿನ ಹೇಳಿಬಿಡಿ. ಈ ವಾರವೇ ಹೇಳಿ, ಹೂ ಆಗ್ಲೇ ಶುರುವಾಗಿದೆ.