ಟಿವಿಯಲ್ಲಿ ಕಂಡ ವೆಡ್ಜ್

ಅಬ್ಬಾ ಬೆಂಗಳೂರಿನ ಗಾಲ್ಫ್ ಮೈದಾನವೊಂದರಲ್ಲಿ ಕ್ಯಾಡಿ. ರಜೆಯಲ್ಲಿ ನಾನೂ. ಕ್ಯಾಡಿಗಳ ಪಂದ್ಯಕ್ಕೆಂದು, ಉಳಿಸಿದ ಹಣದಲ್ಲಿ 60 ಡಿಗ್ರಿಯ ಹಳೆಯ ವೆಡ್ಜ್ ಕೊಳ್ಳಲು ಹೊರಟೆ. ಟಿವಿಯಲ್ಲಿ ದೊಡ್ಡ ಆಟಗಾರರ ಕೈಯಲ್ಲಿ ಅದನ್ನೇ ಕಂಡಿದ್ದೆ.

ಅಬ್ಬಾ ತಡೆದರು. "ನಿನ್ನ ಹತ್ತಿರ 46, 56 ಡಿಗ್ರಿಯವು ಇವೆ. ಅವೆರಡರ ನಡುವಿನ ದೂರಕ್ಕೆ ಏನು ಮಾಡ್ತೀಯ?"

ನನ್ನ ಚೆಂಡು ಒಮ್ಮೆ ಗ್ರೀನ್ ದಾಟುವುದೂ ಒಮ್ಮೆ ತಲುಪದಿರುವುದೂ ಏಕೆಂದು ಆಗ ತಿಳಿಯಿತು. 52 ಡಿಗ್ರಿಯದನ್ನು ಆರಿಸಿದೆವು. ನಾವಾಡುವ ನೆಲ ಗಟ್ಟಿ. ತಳದ ಬೌನ್ಸ್ ಹೆಚ್ಚಿದ್ದರೆ ಸ್ಟಿಕ್ ನೆಲಕ್ಕೆ ತಾಗಿ ಪುಟಿಯುತ್ತದೆ. ಹಾಗಾಗಿ ಕಡಿಮೆ ಬೌನ್ಸಿನದು. ಮರಳಿಗೆ ಹೆಚ್ಚು ಬೌನ್ಸಿನ 56 ಇದ್ದೇ ಇದೆ.

ಪಂದ್ಯ ಗೆಲ್ಲಲಿಲ್ಲ. ಆದರೆ ಪಿಯುಸಿ ಮುಗಿದ ಮೇಲೆ ಏನು ಓದುತ್ತೀ ಎಂದು ಯಾರಾದರೂ ಕೇಳಿದರೆ, ಈಗ ಟಿವಿ ನೆನಪಾಗುವುದಿಲ್ಲ; ಅಬ್ಬಾರ ಪ್ರಶ್ನೆ ನೆನಪಾಗುತ್ತದೆ.