ಹತ್ತಿರ ಹೋದರೆ ಬೆಟ್ಟ ಒರಟು

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ಹಿರಿಯರು ಎಚ್ಚರಿಕೆಯ ಮಾತಾಗಿ ಹೇಳುತ್ತಾರೆ. ಬಂಡೆ ಹತ್ತುವವರಿಗೆ ಅದರ ಇನ್ನೊಂದು ಮಗ್ಗುಲೂ ಗೊತ್ತು. ಹತ್ತಿರ ಹೋದಾಗ ಬೆಟ್ಟ ಒರಟಾಗಿದ್ದರೇ ಅವರಿಗೆ ಸಂತೋಷ. ಆ ಒರಟುತನವೇ ಕಾಲಿಗೆ ಆಸರೆ.

ಬೆಂಗಳೂರಿನಿಂದ ಸುಮಾರು 50 ಕಿ.ಮೀ. ದೂರದ ರಾಮನಗರದ ಬೆಟ್ಟಗಳನ್ನು 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರ ದೇಶಕ್ಕೆಲ್ಲ ತೋರಿಸಿತು. ಊರಿನ ಹಳೆಯ ಹೆಸರು ಕ್ಲೋಸ್‌ಪೇಟೆ. ಸುಮಾರು 250 ಕೋಟಿ ವರ್ಷ ವಯಸ್ಸಿನ ಇಲ್ಲಿನ ಕಲ್ಲನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ದಪ್ಪ ಹರಳುಗಳಿಂದಾಗಿ ಬಂಡೆಯ ಮೈ ತರಿತರಿ.

ಇಂಥ ಬಂಡೆ ಹತ್ತುವ ಶಿಬಿರಕ್ಕೆಂದು ಹತ್ತನೆಯ ತರಗತಿ ಮುಗಿಸಿದ ಮಗಳು ಒಪ್ಪಿಗೆ ಪತ್ರ ತಂದು ಮುಂದಿಟ್ಟಾಗ ತಂದೆ ಕೇಳುವ ಮೊದಲ ಪ್ರಶ್ನೆ, “ಬಿದ್ದರೆ ಏನು ಗತಿ?” ಮಗಳದು ಸಿದ್ಧ ಉತ್ತರ: “ಏನೂ ಆಗಲ್ಲ ಬಿಡಪ್ಪ.” ಇಬ್ಬರಲ್ಲಿ ಅಪ್ಪನ ಮಾತೇ ಹೆಚ್ಚು ವೈಜ್ಞಾನಿಕ. ಒಳ್ಳೆಯ ತರಬೇತುದಾರ ದಿನವೂ ತನಗೆ ತಾನೇ ಕೇಳಿಕೊಳ್ಳುವ ಪ್ರಶ್ನೆಯೂ ಅದೇ. ಹೊಸಬರು ಜಾರಿಯೇ ಜಾರುತ್ತಾರೆ ಎಂದು ಲೆಕ್ಕ ಹಾಕಿಯೇ ಇಡೀ ಏರ್ಪಾಡು ನಡೆಯುತ್ತದೆ.

ಏರ್ಪಾಡು ಸರಳ. ಬಂಡೆಯ ನೆತ್ತಿಯಲ್ಲಿ ಭದ್ರವಾದ ಆಧಾರ; ಅದರ ಮೂಲಕ ಹಾದುಬರುವ ಹಗ್ಗದ ಒಂದು ತುದಿ ಹತ್ತುವವರ ಸೊಂಟಪಟ್ಟಿಗೆ, ಇನ್ನೊಂದು ಕಡೆ ಕೆಳಗೆ ನಿಂತ ಜೊತೆಗಾರರ ಕೈಯಲ್ಲಿ. ಬಾವಿಯ ರಾಟೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗಿನವರ ಹಗ್ಗ ಒಂದು ಲೋಹದ ಸಾಧನದೊಳಗೆ ಬಳಸಿ ಹೋಗುತ್ತದೆ. ಹಟಮಾರಿ ಹೋರಿಯ ಹಗ್ಗವನ್ನು ರೈತ ಗೂಟಕ್ಕೆ ಎರಡು ಸುತ್ತು ಸುತ್ತಿ ಹಿಡಿಯುವುದಿಲ್ಲವೇ? ಇಲ್ಲಿಯೂ ಭಾರ ತಡೆಯುವುದು ತೋಳಿನ ಬಲಕ್ಕಿಂತ ಹೆಚ್ಚಾಗಿ ಘರ್ಷಣೆಯೇ.

ಹಗ್ಗದ ಗುಟ್ಟು ಇನ್ನೂ ಸ್ವಾರಸ್ಯಕರ. ಅದು ನೈಲಾನಿನದು, ಭಾರ ಬಿದ್ದಾಗ ಹಿಗ್ಗುತ್ತದೆ. ಹಿಗ್ಗದ ಹಗ್ಗ ಬೀಳುವವರನ್ನು ತಟ್ಟನೆ ನಿಲ್ಲಿಸಿ ಸೊಂಟಕ್ಕೇ ಪೆಟ್ಟು ಕೊಟ್ಟೀತು. ಹಿಗ್ಗುವ ಹಗ್ಗ ನಿಲ್ಲುವ ಹೊತ್ತನ್ನು ತುಸು ಲಂಬಿಸುತ್ತದೆ, ಪೆಟ್ಟು ತಗ್ಗುತ್ತದೆ. ಕ್ಯಾಚ್ ಹಿಡಿಯುವ ಆಟಗಾರ ಕೈಗಳನ್ನು ಹಿಂದಕ್ಕೆಳೆದುಕೊಳ್ಳುವುದೂ ಇದಕ್ಕಾಗಿಯೇ. ಒಂಬತ್ತನೆಯ ತರಗತಿಯಲ್ಲಿ ಅಂಕಕ್ಕಾಗಿ ಉರುಹೊಡೆದ ಸಂವೇಗದ ಪಾಠ ಇಲ್ಲಿ ಜೀವ ಕಾಯುತ್ತದೆ.

ಬಂಡೆಯ ಮೇಲೆ ಹೊಸಬರು ಮಾಡುವ ತಪ್ಪು ಒಂದೇ: ಹೆದರಿ ಕಲ್ಲನ್ನು ತಬ್ಬಿಕೊಳ್ಳುವುದು. ಇಳಿಜಾರು ಬಂಡೆಗೆ ಮೈ ಒತ್ತಿದಷ್ಟೂ ಪಾದ ಹೊರಕ್ಕೆ ಜಾರುತ್ತದೆ. ಧೈರ್ಯ ಮಾಡಿ ಎದೆಯನ್ನು ಕಲ್ಲಿನಿಂದ ದೂರ ಸರಿಸಿ ನೆಟ್ಟಗೆ ನಿಂತರೆ ಮೈಭಾರ ಪಾದದ ಮೇಲೆ ಬಿದ್ದು ಹಿಡಿತ ಸಿಗುತ್ತದೆ. ‘ಭಯ ಬಿಡು’ ಎಂದು ಹತ್ತು ಸಲ ಬೋಧಿಸಿದರೂ ಆಗದ ಕೆಲಸ ಹೀಗೆ ಒಂದು ಹೆಜ್ಜೆಯಲ್ಲಿ ಆಗುತ್ತದೆ. ಹಾಗೆಂದು ಭಯ ಮಾಯವಾಗುವುದಿಲ್ಲ. ಮೊಣಕಾಲು ಹೊಲಿಗೆ ಯಂತ್ರದಂತೆ ನಡುಗುತ್ತದೆ, ಅಂಗೈ ಬೆವರುತ್ತದೆ. ಬೆವರಿಗೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಇದೆ. ನಡುಕಕ್ಕೆ ಹಿಮ್ಮಡಿ ತುಸು ಇಳಿಸಿ ನಿಧಾನವಾಗಿ ಉಸಿರಾಡುವುದೇ ಮದ್ದು.

ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ಕಂಡು ಹುಡುಗರು ಬೆರಗಾಗುವುದು ಸಹಜ. ಆದರೆ ಅದು ನೋಡಿ ಮೆಚ್ಚಬೇಕಾದ ವಿದ್ಯೆ, ನೋಡಿ ಮಾಡಬೇಕಾದದ್ದಲ್ಲ. ಹಗ್ಗ, ಶಿರಸ್ತ್ರಾಣ ಮತ್ತು ಕಲಿಸುವವರು ಇಲ್ಲದೆ ಹೊಸಬರು ಬಂಡೆಗೆ ಕೈ ಹಚ್ಚಬಾರದು.

ಆದ್ದರಿಂದ ಸಹಿ ಹಾಕುವ ಮುನ್ನ ಪಾಲಕರು ನಾಲ್ಕು ಪ್ರಶ್ನೆ ಕೇಳಲಿ. ಕಲಿಸುವವರು ಎಲ್ಲಿ ತರಬೇತಿ ಪಡೆದವರು? ಹಗ್ಗ ಎಷ್ಟು ಹಳೆಯದು? ಪ್ರತಿ ಗಂಟನ್ನೂ ಇನ್ನೊಬ್ಬರು ಪರೀಕ್ಷಿಸುತ್ತಾರೆಯೇ? ಪೆಟ್ಟಾದರೆ ಹತ್ತಿರದ ಆಸ್ಪತ್ರೆ ಯಾವುದು? ಬೇಸರಿಸದೆ ಉತ್ತರಿಸುವವರೊಂದಿಗೆ ಮಕ್ಕಳನ್ನು ಕಳುಹಿಸಬಹುದು, ರೇಗುವವರೊಂದಿಗೆ ಬೇಡ. ಮಳೆಯಲ್ಲಿ ನೆನೆದ ಬಂಡೆಯೂ ಬೇಡ. ಜಾಗದ ಬಗ್ಗೆಯೂ ವಿಚಾರಿಸಬೇಕು. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಕಡಿದಾದ ಬಂಡೆಯ ಅಂಚಿನಲ್ಲಿ ಗೂಡು ಕಟ್ಟುವ ಆ ಅಪರೂಪದ ಹಕ್ಕಿಗಳ ನೆಮ್ಮದಿ ಕೆಡಿಸಿ ಗಳಿಸುವ ಸಾಹಸಕ್ಕೆ ಅರ್ಥವಿಲ್ಲ.

ಮಕ್ಕಳಿಗೂ ಒಂದು ಮಾತು. ನೆತ್ತಿ ಮುಟ್ಟದೆ “ಸಾಕು, ಇಳಿಸಿ” ಎಂದು ಕೂಗುವುದು ಸೋಲಲ್ಲ. ತನ್ನ ಶಕ್ತಿಯ ಅಳತೆ ತಿಳಿದವರು ಮುಂದಿನ ವಾರ ಮತ್ತೆ ಬರುತ್ತಾರೆ. ಗೆಳೆಯರ ನಗೆಗೆ ಅಂಜಿ ಹತ್ತುವವರೇ ಎಡವುವುದು. ಇನ್ನು ಕೆಳಗೆ ಹಗ್ಗ ಹಿಡಿದು ನಿಂತಾಗ ಹರಟೆ ಕೂಡದು. ಮೇಲಿರುವುದು ಇನ್ನೊಂದು ಮನೆಯ ಮಗು.

ಹಗ್ಗ ಹಿಡಿಯುವ ಆ ಕೆಲಸವನ್ನು ಪಾಲಕರೂ ಒಮ್ಮೆ ನೋಡಬೇಕು. ಹಗ್ಗ ತೀರ ಬಿಗಿಯಾದರೆ ಹತ್ತುವವರ ಕಾಲು ಮುಂದಕ್ಕೆ ಬಾರದು. ತೀರ ಸಡಿಲವಾದರೆ ಬೀಳುವ ದೂರ ಹೆಚ್ಚುತ್ತದೆ. ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದಕ್ಕೆ ಸೂತ್ರವಿಲ್ಲ. ಮೇಲಿನವರ ಹೆಜ್ಜೆಯ ಮೇಲೆ ಕಣ್ಣಿಟ್ಟು ಕೈಯೇ ಕಲಿಯಬೇಕು. ಹದಿನಾರರ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡವರಿಗೆ ಈ ಕಷ್ಟ ಹೊಸದೇನಲ್ಲ.