ಫಾರ್ಮ್ಯಾಟ್ ಮಾಡಿ ಕೆಟ್ಟೆ

ನಮ್ಮ ಮನೆಯ ಹಳೆಯ ಕಂಪ್ಯೂಟರ್ ಕೆಟ್ಟದ್ದು ನನ್ನಿಂದಲ್ಲ. ಅದರೊಳಗಿದ್ದ ಹೆಂಡತಿಯ ಪ್ರಶ್ನೆಪತ್ರಿಕೆಗಳು ಹೋದದ್ದು ಮಾತ್ರ ನನ್ನಿಂದಲೇ. ಅವಳು ಹತ್ತನೇ ತರಗತಿಯ ಮಕ್ಕಳಿಗೆ ಮನೆಯಲ್ಲೇ ಗಣಿತ ಹೇಳಿಕೊಡುತ್ತಾಳೆ. ವರ್ಷಗಟ್ಟಲೆ ‘ನುಡಿ’ಯಲ್ಲಿ ಟೈಪ್ ಮಾಡಿಕೊಂಡಿದ್ದ ಲೆಕ್ಕಗಳು, ಮಾದರಿ ಉತ್ತರಗಳು, ರೇಖಾಗಣಿತದ ಚಿತ್ರಗಳು ಎಲ್ಲವೂ ಅದರಲ್ಲಿದ್ದವು.

ಕಂಪ್ಯೂಟರ್ ಅಸೆಂಬಲ್ ಮಾಡಿಸಿದ್ದು. ಎರಡು ಜಿಬಿ ರ‍್ಯಾಮ್, ವಿಂಡೋಸ್ 7, ಕ್ಯಾಬಿನೆಟ್ ಜತೆಗೇ ಬಂದಿದ್ದ, ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಎಸ್‌ಎಂಪಿಎಸ್. ಬರೀ ಟೈಪ್ ಮಾಡುತ್ತಿದ್ದರೆ ಏನೂ ತೊಂದರೆಯಿಲ್ಲ. ಮಗ ಬಂದು ವಿಡಿಯೊ ಹಾಕಿದನೆಂದರೆ ಮಾತ್ರ ಪರದೆ ಫಕ್ಕನೆ ಕಪ್ಪಾಗಿ, ಒಂದು ಬೀಪ್ ಹೊಡೆದು, ಮತ್ತೆ ಮೊದಲಿನಿಂದ ಶುರು. ನೀಲಿ ಪರದೆಯೂ ಇಲ್ಲ, ಎರರ್ ಸಂದೇಶವೂ ಇಲ್ಲ.

‘ವೈರಸ್ಸು’ ಎಂದು ತೀರ್ಪು ಕೊಟ್ಟೆ. ಮನೆಯಲ್ಲಿ ಕಂಪ್ಯೂಟರ್ ಬಲ್ಲವನೆಂದರೆ ನಾನೇ ತಾನೆ! ಇದ್ದಬದ್ದದ್ದನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡು ಫಾರ್ಮ್ಯಾಟ್ ಮಾಡಿದೆ. ಆಮೇಲೆ ಕೆಲವು ದಿನ ಸುಮ್ಮನಿತ್ತು. ಸುಮ್ಮನಿದ್ದದ್ದು ನನ್ನ ಚಿಕಿತ್ಸೆಯಿಂದಲ್ಲ, ಮಗನಿಗೆ ಪರೀಕ್ಷೆ ಬಂದು ವಿಡಿಯೊ ಹಾಕುವವರೇ ಇಲ್ಲದ್ದರಿಂದ. ಆದರೆ ಆ ಕೆಲವು ದಿನಗಳು ನನ್ನ ತಲೆ ಕೆಡಿಸಿದವು. ಫಾರ್ಮ್ಯಾಟ್ ಎಂದರೆ ಮದ್ದು ಎಂದು ನಂಬಿಬಿಟ್ಟೆ.

ಪರೀಕ್ಷೆ ಮುಗಿಯಿತು, ರೋಗ ಮರುಕಳಿಸಿತು. ಈ ಸಲ ಕ್ಯಾಬಿನೆಟ್ ಬಿಚ್ಚಿದೆ. ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಪಟ್ಟಿಗಳನ್ನು ರಬ್ಬರಿನಿಂದ ಉಜ್ಜಿದೆ. ಪ್ರೊಸೆಸರ್ ಮೇಲಿನ ಫ್ಯಾನ್ ಕಳಚಿ ಧೂಳು ಹೊಡೆದು ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಎಲ್ಲವನ್ನೂ ಒಂದೇ ಮಧ್ಯಾಹ್ನ ಮಾಡಿ, ಕೊನೆಗೆ ‘ಯಾವುದಕ್ಕೂ ಇರಲಿ’ ಎಂದು ಮತ್ತೆ ಫಾರ್ಮ್ಯಾಟ್‌ಗೂ ಕೈಹಾಕಿದೆ. ಯಾವುದರಿಂದ ಏನಾಯಿತು, ಏನಾಗಲಿಲ್ಲ ಎಂದು ತಿಳಿಯುವ ದಾರಿಯನ್ನೇ ಮುಚ್ಚಿಕೊಂಡೆ.

ಆ ಸಲ ಬ್ಯಾಕಪ್ ಬಗ್ಗೆ ನಾನು ಕೇಳಿದ್ದು ಒಂದೇ ಮಾತು: ‘ಎಲ್ಲಾ ಡಿ ಡ್ರೈವ್‌ನಲ್ಲಿದೆ ತಾನೆ?’ ಪಾಠದ ನಡುವೆ ಇದ್ದವಳು ‘ಹೂಂ’ ಅಂದಳು. ಅವಳು ಎಲ್ಲವನ್ನೂ ಇಟ್ಟಿದ್ದು ಡೆಸ್ಕ್‌ಟಾಪ್ ಮೇಲೆ. ಡೆಸ್ಕ್‌ಟಾಪ್ ಎಂಬುದು ಸಿ ಡ್ರೈವ್‌ನ ಒಂದು ಫೋಲ್ಡರ್, ವಿಂಡೋಸ್ ಜತೆ ಅದೂ ಅಳಿಸಿಹೋಗುತ್ತದೆ ಎಂಬುದು ಗೊತ್ತಿರಬೇಕಾದದ್ದು ಅವಳಿಗಲ್ಲ, ನನಗೆ.

ಇನ್ನೂ ನಾಚಿಕೆಯ ಸಂಗತಿ ಮುಂದಿದೆ. ಖಾಲಿ ಮಾಡಿದ ಡ್ರೈವ್‌ಗೆ ವಿಂಡೋಸ್ ಹಾಕುತ್ತಿರುವಾಗಲೇ ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಂಡಿತು. ಡಿವಿಡಿಯಿಂದ ಶುರುವಾದ ಯಂತ್ರಕ್ಕೆ ಖಾಲಿ ಡ್ರೈವ್‌ನಿಂದ ಎಲ್ಲಿಯ ವೈರಸ್ಸು? ಅಷ್ಟು ಸ್ಪಷ್ಟವಾದ ಸಾಕ್ಷಿ ಕಣ್ಣೆದುರಿಗಿದ್ದರೂ ‘ಡಿವಿಡಿಗೆ ಗೀರು ಬಿದ್ದಿರಬೇಕು’ ಎಂದುಕೊಂಡು ಇನ್ನೊಂದು ಡಿವಿಡಿ ಹುಡುಕಲು ಹೋದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಕೊನೆಗೆ ಬಂದ ರಿಪೇರಿಯ ಹುಡುಗ ಸ್ಕ್ರೂಡ್ರೈವರ್‌ಗಿಂತ ಮೊದಲು ಮಲ್ಟಿಮೀಟರ್ ತೆಗೆದ. ಹಳದಿ ವೈರಿಗೆ ಒಂದು ಕಡ್ಡಿ, ಕಪ್ಪಿಗೆ ಇನ್ನೊಂದು. ಅಲ್ಲಿ 12 ವೋಲ್ಟ್ ಇರಬೇಕು, ಶೇ. 5ರಷ್ಟು ಆಚೀಚೆ ಆಗಬಹುದು, ಅಂದರೆ 11.4ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಸುಮ್ಮನಿದ್ದಾಗ ಲೆಕ್ಕ ಸರಿಯಿತ್ತು. ‘ಈಗ ವಿಡಿಯೊ ಹಾಕಿ’ ಅಂದ. ಅಂಕಿ ಇಳಿಯುತ್ತ ಇಳಿಯುತ್ತ 11ರ ಕೆಳಗೆ ಜಾರಿತು, ಪರದೆ ಕಪ್ಪಾಯಿತು. ಎಸ್‌ಎಂಪಿಎಸ್‌ನ ಜಾಲರಿಯೊಳಗೆ ಮೊಬೈಲ್ ಟಾರ್ಚ್ ಬಿಟ್ಟು ತೋರಿಸಿದ: ಚಪ್ಪಟೆಯಾಗಿರಬೇಕಾದ ಕೆಪಾಸಿಟರ್‌ಗಳ ತಲೆ ಉಬ್ಬಿತ್ತು, ಒಂದರ ನೆತ್ತಿಯ ಗೀರು ಬಿರಿದು ಕಂದು ಬಣ್ಣದ ಹಕ್ಕಳೆ ಕಟ್ಟಿತ್ತು. ಕೆಪಾಸಿಟರ್ ಒಳಗಿನ ದ್ರಾವಣ ವರ್ಷಗಳ ಬಿಸಿಗೆ ಒಣಗುತ್ತ ಬರುತ್ತದೆ. ಆಗ ಹಗುರ ಕೆಲಸಕ್ಕೆ ಕರೆಂಟ್ ಸಾಕಾಗುತ್ತದೆ, ಭಾರದ ಕೆಲಸಕ್ಕೆ ಸಾಲುವುದಿಲ್ಲ. ವೋಲ್ಟೇಜ್ ಕುಸಿದರೆ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡ್‌ಗೆ ಹೋಗುವ ‘ಪವರ್ ಗುಡ್’ ಸಂಕೇತ ನಿಲ್ಲುತ್ತದೆ, ಯಂತ್ರ ಅಲ್ಲಿಗೇ ರೀಸೆಟ್ ಆಗುತ್ತದೆ. ನೀಲಿ ಪರದೆ ತೋರಿಸಲು ವಿಂಡೋಸ್‌ಗೆ ಪುರುಸೊತ್ತೇ ಇರುವುದಿಲ್ಲ.

ಆಮೇಲೆ ಅವನು ‘ಇವೆಂಟ್ ವ್ಯೂವರ್’ ತೆರೆದ. ‘ಕರ್ನಲ್-ಪವರ್ 41’ ಎಂಬ ಸಾಲುಗಳು. ಪ್ರತಿಯೊಂದರ ಒಳಗೆ ಬಗ್‌ಚೆಕ್ ಕೋಡ್ ಸೊನ್ನೆ. ‘ವಿಂಡೋಸ್ ತಾನಾಗಿ ಬಿದ್ದದ್ದಲ್ಲ ಸಾರ್, ಕರೆಂಟೇ ಕೈಕೊಟ್ಟಿದೆ’ ಎಂದ. ಮೊದಲ ದಿನದಿಂದಲೂ ಕಂಪ್ಯೂಟರ್ ಇದನ್ನೇ ಬರೆದಿಡುತ್ತ ಬಂದಿತ್ತು. ನಾನು ಫಾರ್ಮ್ಯಾಟ್ ಮಾಡಿದಾಗಲೆಲ್ಲ ಆ ದಾಖಲೆಯನ್ನೂ ಸೇರಿಸಿ ಅಳಿಸಿದ್ದೆ.

ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಹೊಸ ಎಸ್‌ಎಂಪಿಎಸ್ ತಂದು ಹಾಕಿದ ಮೇಲೆ ಕಂಪ್ಯೂಟರ್ ಒಮ್ಮೆಯೂ ತಾನಾಗಿ ಆರಿಲ್ಲ. ಪ್ರಶ್ನೆಪತ್ರಿಕೆಗಳಿಗೆ ಆ ಭಾಗ್ಯ ಇರಲಿಲ್ಲ. ರಿಕವರಿ ಸಾಫ್ಟ್‌ವೇರ್ ಕೆಲವು ಫೈಲುಗಳನ್ನು ಹೆಕ್ಕಿಕೊಟ್ಟಿತು. ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆ ಹೊತ್ತ ‘ಎ’ಗಳ ಸಂತೆ. ನುಡಿ ಫಾಂಟ್ ಮತ್ತೆ ಹಾಕಿದ ಮೇಲೆ ಅವು ಕನ್ನಡವಾದವು. ಹೊಸ ವಿಂಡೋಸ್ ಬಂದು ಕೂತ ಜಾಗದಲ್ಲಿದ್ದ ಫೈಲುಗಳು ಮಾತ್ರ ಯಾವ ಫಾಂಟಿಗೂ ಸಿಗಲಿಲ್ಲ. ಹೆಂಡತಿ ಬೈಯಲಿಲ್ಲ. ಹೊಸದಾಗಿ ಟೈಪ್ ಮಾಡುವ ಕೆಲಸವನ್ನು ನನಗೇ ವಹಿಸಿದಳು. ತ್ರಿಕೋನಮಿತಿ ನನಗೀಗ ಚೆನ್ನಾಗಿ ಬರುತ್ತದೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಹಳೆಯ ಯಂತ್ರ ಪದೇ ಪದೇ ಆರಿ ಹೊತ್ತುತ್ತಿದ್ದರೆ, ರಿಪೇರಿಗೆ ಮೊದಲು ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ಬೇರೆ ಕಡೆ ಕಾಪಿ ಮಾಡಿ, ಒಂದೆರಡು ಫೈಲು ಅಲ್ಲಿಂದಲೇ ತೆರೆದು ನೋಡಿ. ‘ಸ್ಟಾರ್ಟಪ್ ಅಂಡ್ ರಿಕವರಿ’ಯಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎದುರಿನ ಟಿಕ್ ತೆಗೆಯಿರಿ. ನೀಲಿ ಪರದೆ ಬರುವುದಾದರೆ ನಿಂತು ಓದಲು ಸಿಗುತ್ತದೆ. ಇವೆಂಟ್ ವ್ಯೂವರ್ ನೋಡಿ. ಬದಲಾಯಿಸುವುದಿದ್ದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ನೀವಾಗಿ ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್‌ಗೂ ಮೀರಿ ಉಳಿದಿರಬಹುದು. ಫಾರ್ಮ್ಯಾಟ್ ಕೊನೆಯ ಉಪಾಯವಾಗಿರಲಿ, ಬ್ಯಾಕಪ್ ಮೊದಲನೆಯದು.